ಆಲದ ಎಲೆಗಳೂ ಟಾಲಾ ನೋಟುಗಳೂ

ಶಾಂತಸಾಗರದ ದ್ವೀಪಗಳ ಬಗ್ಗೆ ಹೊರಗಿನವರು ಹೇಳುವ ಕತೆಗಳು ಹೆಚ್ಚಾಗಿ ಎರಡೇ. ಒಂದು ತೆಂಗು, ಕಡಲು, ಹೂಮಾಲೆಯ ಪ್ರವಾಸಿ ಕತೆ. ಇನ್ನೊಂದು ಗೋಳಿನ ಕತೆ: ಅಲ್ಲೊಂದು ಸ್ವರ್ಗವಿತ್ತು, ಬಿಳಿಯರು ದುಡ್ಡು ತಂದರು, ಸ್ವರ್ಗ ಹಾಳಾಯಿತು. ಎರಡನೆಯ ಕತೆ ಹೇಳುವವರಿಗೆ ತಾವು ದ್ವೀಪದವರ ಪರ ಇದ್ದೇವೆಂಬ ನಂಬಿಕೆ ಇರುತ್ತದೆ. ಆದರೆ ಎರಡೂ ಕತೆಗಳಲ್ಲಿ ದ್ವೀಪದವನಿಗೆ ಸ್ವಂತ ಬುದ್ಧಿ ಎಂಬುದು ಇಲ್ಲ. ಮೊದಲನೆಯದರಲ್ಲಿ ಅವನು ನಗುತ್ತಾ ನಿಂತಿರುತ್ತಾನೆ, ಎರಡನೆಯದರಲ್ಲಿ ಅಳುತ್ತಾ ನಿಂತಿರುತ್ತಾನೆ.

ಈ ಎರಡೂ ಕತೆಗಳಿಗೆ ಒಗ್ಗದ ಒಂದು ಕಾದಂಬರಿ ಸಮೋವಾದ ಲೇಖಕ ಆಲ್ಬರ್ಟ್ ವೆಂಟ್ ಅವರ ‘ಲೀವ್ಸ್ ಆಫ್ ದ ಬನಿಯನ್ ಟ್ರೀ’. 1979ರಲ್ಲಿ ಪ್ರಕಟವಾದ ಇದನ್ನು ‘ಆಲದ ಮರದ ಎಲೆಗಳು’ ಎಂದು ಕರೆಯಬಹುದು. ಕನ್ನಡದಲ್ಲಿ ಆಫ್ರಿಕಾದ ಅಚಿಬೆ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ವೆಂಟ್ ಅವರ ಹೆಸರು ಕೇಳಿದವರು ಕಡಿಮೆ. ವಸಾಹತು ಆಳ್ವಿಕೆಯ ಆಘಾತವನ್ನು ಮಾತ್ರ ಹುಡುಕುವ ಓದಿಗೆ ಈ ಕಾದಂಬರಿ ಸುಲಭವಾಗಿ ಸಿಗುವುದಿಲ್ಲ ಎಂಬುದೂ ಇದಕ್ಕೆ ಒಂದು ಕಾರಣವಿರಬಹುದು. ಇಲ್ಲಿ ಊರನ್ನು ಕೆಡಿಸುವವನು ಬಿಳಿಯ ದೊರೆಯಲ್ಲ, ಊರಿನ ಯಜಮಾನನೇ.

ಕಾದಂಬರಿಗೆ ಹೋಗುವ ಮೊದಲು ಸಮೋವಾದ ಸಮಾಜದ ಕಟ್ಟನ್ನು ಸ್ವಲ್ಪ ತಿಳಿಯಬೇಕು. ಅಲ್ಲಿ ಕುಟುಂಬವೆಂದರೆ ಐಂಗಾ. ಗಂಡ ಹೆಂಡತಿ ಮಕ್ಕಳಷ್ಟೇ ಅಲ್ಲ, ರಕ್ತದಿಂದಲೂ ಮದುವೆಯಿಂದಲೂ ದತ್ತಿನಿಂದಲೂ ಸೇರಿದ ದೊಡ್ಡ ಬಳಗ. ಪ್ರತಿ ಐಂಗಾ ತನ್ನ ಯಜಮಾನನನ್ನು ತಾನೇ ಕೂಡಿ ಮಾತಾಡಿ ಆರಿಸಿ ಅವನಿಗೆ ಮತಾಯ್ ಎಂಬ ಪದವಿ ಕೊಡುತ್ತದೆ. ನೆಲ ಮತಾಯಿಯ ಉಸ್ತುವಾರಿಯಲ್ಲಿರುತ್ತದೆ, ಅವನ ಸ್ವಂತದ್ದಲ್ಲ. ಇವತ್ತಿಗೂ ದೇಶದ ಸುಮಾರು ಐದರಲ್ಲಿ ನಾಲ್ಕು ಪಾಲು ನೆಲ ಹೀಗೆ ಬಳಗಗಳ ಕೈಯಲ್ಲೇ ಇದೆ, ಅದನ್ನು ಮಾರುವಂತಿಲ್ಲ. ಪದವಿಯಿಲ್ಲದ ಯುವಕರು ಬೆಳೆದದ್ದು, ಹಿಡಿದ ಮೀನು ಮತಾಯಿಗೆ ಬರುತ್ತದೆ, ಅವನು ಹಂಚುತ್ತಾನೆ. ಮದುವೆ, ಸಾವು, ಪದವಿ ಪಟ್ಟ ಇಂಥ ಸಂದರ್ಭಗಳಲ್ಲಿ ಬಳಗದಿಂದ ಬಳಗಕ್ಕೆ ಹಂದಿ, ಗೆಡ್ಡೆ, ನವಿರಾದ ಚಾಪೆಗಳು ಹರಿಯುತ್ತವೆ. ಎಷ್ಟು ಇಟ್ಟುಕೊಂಡೆ ಎಂಬುದರಿಂದ ಅಲ್ಲ, ಎಷ್ಟು ಕೊಟ್ಟೆ ಎಂಬುದರಿಂದ ಮನುಷ್ಯನ ತೂಕ ಗೊತ್ತಾಗುತ್ತದೆ. ಇದನ್ನು ಸಮಾನತೆ ಎಂದು ಭಾವಿಸಬಾರದು. ಮೇಲು ಕೀಳು ಇತ್ತು, ಬಲು ಸೂಕ್ಷ್ಮವಾಗಿ ಇತ್ತು. ಆದರೆ ಕೂಡಿಟ್ಟ ಗೆಡ್ಡೆ ಕೊಳೆಯುತ್ತದೆ. ಹಂಚದೆ ಇರಲು ಮತಾಯಿಗೆ ಉಪಾಯವೇ ಇರಲಿಲ್ಲ.

ಕೊಳೆಯದ ವಸ್ತು ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. 1830ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ವಿಲಿಯಮ್ಸ್ ಸವಾಯಿ ದ್ವೀಪಕ್ಕೆ ಬಂದಿಳಿದ ಮೇಲೆ ವರ್ಷಕ್ಕೊಮ್ಮೆ ಮಿಷನ್ನಿಗೆ ಕಾಣಿಕೆ ಎತ್ತುವ ರೂಢಿ ಬೆಳೆಯಿತು. ಮೊದಲು ತೆಂಗಿನೆಣ್ಣೆ, ಆಮೇಲೆ ನಗದು. ಹ್ಯಾಂಬರ್ಗಿನ ಗೊಡೆಫ್ರಾಯ್ ಕಂಪೆನಿ 1857ರಲ್ಲಿ ಆಪಿಯಾದಲ್ಲಿ ನೆಲೆಯೂರಿತು. ಎಣ್ಣೆಗೆ ಬದಲು ಒಣಕೊಬ್ಬರಿಯನ್ನೇ ಹಡಗಿಗೆ ತುಂಬುವ ವ್ಯಾಪಾರ ಬೆಳೆಯಿತು. (ಇಂಗ್ಲಿಷಿನ ‘ಕೊಪ್ರಾ’ ನಮ್ಮ ಪಶ್ಚಿಮ ಕರಾವಳಿಯ ಪದ, ಮಲಯಾಳದ ಕೊಪ್ಪರ; ಪೋರ್ಚುಗೀಸರ ಬಾಯಿಂದ ಲೋಕ ಸುತ್ತಿ ಸಮೋವಾದ ವರೆಗೂ ಹೋಗಿದೆ.) 1900ರಲ್ಲಿ ಪಶ್ಚಿಮದ ದ್ವೀಪಗಳು ಜರ್ಮನಿಯ ವಸಾಹತಾದವು. ಗವರ್ನರ್ ಸೋಲ್ಫ್ ಮತಾಯಿಗಳು ವರ್ಷಕ್ಕೆ ಐವತ್ತು ತೆಂಗಿನ ಸಸಿ ನೆಡಬೇಕೆಂದು ಕಟ್ಟಳೆ ಮಾಡಿದ, ತಲೆಗಂದಾಯ ಹಾಕಿದ. ಕಂದಾಯಕ್ಕೆ ಗೆಡ್ಡೆ ಕೊಟ್ಟರೆ ನಡೆಯುವುದಿಲ್ಲ, ನಾಣ್ಯ ಬೇಕು. ನಾಣ್ಯಕ್ಕೆ ಕೊಬ್ಬರಿ ಬೇಕು.

ಇಲ್ಲಿಯ ತನಕದ ಕತೆ ಎಲ್ಲ ವಸಾಹತುಗಳದ್ದೂ ಹೌದು. ಆಮೇಲಿನದು ಗೋಳಿನ ಕತೆ ಹೇಳುವವರು ಬಿಟ್ಟುಬಿಡುವ ಭಾಗ. ಬಿಳಿಯ ವ್ಯಾಪಾರಿಗಳು ಕೊಬ್ಬರಿಗೆ ಕೊಡುವ ಬೆಲೆ ಮೋಸದ್ದೆಂದು ಕಂಡಾಗ, 1904ರ ಹೊತ್ತಿಗೆ, ಸಮೋವಾದವರು ತಮ್ಮಲ್ಲೇ ಚಂದಾ ಎತ್ತಿ ತಮ್ಮದೇ ಕೊಬ್ಬರಿ ಕಂಪೆನಿ ಕಟ್ಟಲು ಹೊರಟರು. ಅದನ್ನು ‘ಒಲೊವಾ’ ಎಂದು ಕರೆದರು. ದುಡ್ಡು ಬೇಡ ಎಂದು ಅವರು ಹೇಳಲಿಲ್ಲ; ದುಡ್ಡಿನ ಲಗಾಮು ನಮ್ಮ ಕೈಯಲ್ಲಿರಲಿ ಎಂದರು. ಸೋಲ್ಫ್ ಅದನ್ನು ಹತ್ತಿಕ್ಕಿದ. ಹಳೆಯ ಪದ್ಧತಿಯನ್ನು ಕಾಪಾಡುವವನು ತಾನೆಂದು ಹೇಳಿಕೊಳ್ಳುತ್ತಿದ್ದ ದೊರೆಯೇ ಈ ಕೆಲಸ ಮಾಡಿದ ಎಂಬುದನ್ನು ಗಮನಿಸಬೇಕು. ದ್ವೀಪದವರು ಕೊಬ್ಬರಿ ಒಣಗಿಸಬಹುದು, ಕಂದಾಯ ಕಟ್ಟಬಹುದು, ಲೆಕ್ಕದ ಪುಸ್ತಕ ಮಾತ್ರ ಮುಟ್ಟಬಾರದು.

‘ಒಲೊವಾ’ ಎಂಬ ಪದದ ಜಾತಕವೇ ಈ ಸಮಾಜದ ಅರ್ಧ ಇತಿಹಾಸ. ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಉಡುಗೊರೆಯ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದ ಆರಂಭದಲ್ಲೇ ಈ ಪದ ಬರುತ್ತದೆ. ಮದುವೆಯಲ್ಲಿ ಗಂಡಿನ ಕಡೆಯಿಂದ ಹೋಗುವ ಸಾಮಾನು ಒಲೊವಾ. ಹೆಣ್ಣಿನ ಕಡೆಯಿಂದ ಬರುವ ಚಾಪೆ, ಬಟ್ಟೆ ತೊಂಗಾ. ಒಂದಕ್ಕೆ ಇನ್ನೊಂದು ಎದುರುಡುಗೊರೆ. ಹಡಗಿನಲ್ಲಿ ಬಂದ ಕಬ್ಬಿಣ, ಬಟ್ಟೆ, ಡಬ್ಬಿ, ಕೊನೆಗೆ ದುಡ್ಡು ಎಲ್ಲವೂ ಸದ್ದಿಲ್ಲದೆ ಒಲೊವಾದ ಗುಂಪಿಗೆ ಸೇರಿಕೊಂಡವು. ಈಗ ಸಮೋವಾದ ಭಾಷೆಯಲ್ಲಿ ಅಂಗಡಿಗೆ ‘ಫಲೆ ಒಲೊವಾ’, ಅಂದರೆ ಒಲೊವಾದ ಮನೆ ಎನ್ನುತ್ತಾರೆ. ಕೊಡುವ ವಸ್ತುವಿನ ಹೆಸರೇ ಮಾರುವ ವಸ್ತುವಿನ ಹೆಸರಾಯಿತು. 1967ರಲ್ಲಿ ಬಂದ ದೇಶದ ನಾಣ್ಯದ ಹೆಸರು ಟಾಲಾ, ಡಾಲರ್ ಎಂಬುದರ ಸ್ಥಳೀಯ ಉಚ್ಚಾರ. ಸ್ವರಗಳನ್ನು ಮೊಟಕು ಮಾಡಿ ಹೇಳಿದರೆ ಅದೇ ಪದಕ್ಕೆ ಕತೆ ಎಂಬ ಅರ್ಥ. ವೆಂಟ್ ಅವರಂಥ ಲೇಖಕರಿಗೆ ಇದಕ್ಕಿಂತ ಒಳ್ಳೆಯ ಭಾಷೆ ಎಲ್ಲಿ ಸಿಕ್ಕೀತು?

ಕತೆ ಎಂದಾಗ ಇನ್ನೊಂದು ನೆನಪಾಗುತ್ತದೆ. ಆಪಿಯಾದ ಹತ್ತಿರ ಮನೆ ಮಾಡಿಕೊಂಡು 1894ರಲ್ಲಿ ಅಲ್ಲೇ ತೀರಿಕೊಂಡ ಸ್ಕಾಟ್ಲೆಂಡಿನ ಸ್ಟೀವನ್‌ಸನ್ ಬರೆದ ‘ದ ಬಾಟಲ್ ಇಂಪ್’ ಎಂಬ ಕತೆ 1891ರಲ್ಲಿ ಸಮೋವನ್ ಭಾಷೆಯ ಮಿಷನ್ ಪತ್ರಿಕೆಯಲ್ಲಿ ಅನುವಾದವಾಗಿ ಬಂತು. ಬೇಡಿದ್ದು ಕೊಡುವ ದೆವ್ವವಿರುವ ಒಂದು ಸೀಸೆ. ಅದನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕು, ಅದೂ ನಾಣ್ಯಕ್ಕೇ ಮಾರಬೇಕು. ಮಾರಲಾಗದೆ ಸತ್ತವನಿಗೆ ನರಕ. ಮಾರುಕಟ್ಟೆಯ ಬಗ್ಗೆ ಆ ಭಾಷೆಯಲ್ಲಿ ಬಂದ ಮೊದಲ ಪಾಠಗಳಲ್ಲಿ ಇದೊಂದಿರಬೇಕು.

ಈಗ ಕಾದಂಬರಿ. ಕಾಲ್ಪನಿಕವಾದ ಸಪೆಪೆ ಎಂಬ ಹಳ್ಳಿ, ಅಲ್ಲಿ ತೌಯಿಲೊಪೆಪೆ ಎಂಬ ಮತಾಯ್. ಪಾದ್ರಿಯಾಗಲು ಹೋಗಿ ಅರ್ಧಕ್ಕೆ ಮರಳಿದವನು. ಊರಿನ ಅಂಗಡಿಕಾರ ಮಾಲೊ ತನಗಿಂತ ದುಡ್ಡುಳ್ಳವನೆಂಬ ಹೊಟ್ಟೆಕಿಚ್ಚು ಅವನಿಗೆ. ಕಾಡು ಕಡಿಸಿ ತೋಟ ಮಾಡುತ್ತಾನೆ. ಕಾದಂಬರಿಯ ಮೊದಲ ಭಾಗದ ಹೆಸರು ‘ದೇವರು, ದುಡ್ಡು ಮತ್ತು ಯಶಸ್ಸು’. ಈ ಮೂರು ಬೇರೆ ಬೇರೆಯಲ್ಲ, ಒಂದೇ ಎಂಬುದು ತೌಯಿಲೊಪೆಪೆಯ ಹೊಸ ಮತ. ಚರ್ಚಿನ ವೇದಿಕೆಯಿಂದ ಅವನು ಅದನ್ನೇ ಸಾರುತ್ತಾನೆ: ದುಡಿಯುವವನನ್ನು ದೇವರು ಮೆಚ್ಚುತ್ತಾನೆ, ಮೆಚ್ಚಿದ್ದಕ್ಕೆ ಸಾಕ್ಷಿ ಕೈಯಲ್ಲಿರುವ ದುಡ್ಡು. ತೋಟಕ್ಕೆ ಅವನಿಟ್ಟ ಹೆಸರೇ ‘ಆಲದ ಮರದ ಎಲೆಗಳು’.

ವೆಂಟ್ ಅವರ ಬರವಣಿಗೆಯ ಶಕ್ತಿ ಇರುವುದು ಇಲ್ಲಿ. ತೌಯಿಲೊಪೆಪೆ ಸಂಪ್ರದಾಯವನ್ನು ಮುರಿದು ಶ್ರೀಮಂತನಾಗುವುದಿಲ್ಲ, ಸಂಪ್ರದಾಯವನ್ನು ಬಳಸಿ ಶ್ರೀಮಂತನಾಗುತ್ತಾನೆ. ಕಾಡು ಕಡಿಯಲು ಅವನಿಗೆ ಕೂಲಿ ಕೊಡಬೇಕಾಗಿಲ್ಲ, ಬಳಗವಿದೆ. ಮತಾಯಿಗೆ ದುಡಿಯುವುದು ಬಳಗದ ಧರ್ಮ. ನೆಲಕ್ಕೆ ಬೆಲೆ ಕೊಡಬೇಕಾಗಿಲ್ಲ, ಪದವಿಯೊಂದಿಗೆ ಬಂದಿದೆ. ಬದಲಾದದ್ದು ಒಂದೇ: ಕೆಳಗಿನಿಂದ ಮೇಲೆ ಬಂದದ್ದು ಮತ್ತೆ ಕೆಳಗೆ ಇಳಿಯುವುದಿಲ್ಲ. ಗೆಡ್ಡೆಯಾಗಿದ್ದರೆ ಕೊಳೆಯುತ್ತಿತ್ತು. ದುಡ್ಡು ಪೆಟ್ಟಿಗೆಯಲ್ಲಿ ಇರುತ್ತದೆ. ನೋಡುವವರಿಗೆ ಎಲ್ಲವೂ ಹಿಂದಿನಂತೆಯೇ ಇದೆ. ಅದೇ ಭಾಷಣ, ಅದೇ ಗೌರವದ ಮಾತು, ಅದೇ ಕಾವಾ ಪಾನದ ವಿಧಿ. ಒಳಗಿನ ಲೆಕ್ಕ ಮಾತ್ರ ಬೇರೆ. ಅರ್ಥಶಾಸ್ತ್ರದ ಪುಸ್ತಕಗಳು ನಗದು ವ್ಯವಸ್ಥೆ ಬಂದರೆ ಹಳೆಯ ಸಂಬಂಧಗಳು ಕರಗುತ್ತವೆ ಎನ್ನುತ್ತವೆ. ಸಪೆಪೆಯಲ್ಲಿ ಸಂಬಂಧಗಳು ಕರಗಲಿಲ್ಲ, ಬಾಡಿಗೆಗೆ ಹೋದವು.

ಊರಿನ ಹಿರಿಯ ತೊವಾಸಾ ಹಳೆಯ ಕತೆಗಳ ಭಂಡಾರ. ತೌಯಿಲೊಪೆಪೆಯ ಮಗ ಪೆಪೆ ಬೆಳೆಯುವುದು ಈ ಮುದುಕನ ನೆರಳಿನಲ್ಲಿ. ಎರಡನೇ ಭಾಗವನ್ನು ಹೇಳುವವನು ಪೆಪೆಯೇ, ಕ್ಷಯರೋಗದಿಂದ ಆಸ್ಪತ್ರೆಯಲ್ಲಿ ಸಾಯುತ್ತಾ. ಅಪ್ಪನ ಅಂಗಡಿಗೆ ಕನ್ನ ಹಾಕಿದವನು, ಚರ್ಚಿನ ಸಭಾಭವನಕ್ಕೆ ಬೆಂಕಿ ಇಟ್ಟವನು, ನ್ಯಾಯಾಲಯದಲ್ಲಿ ತನಗೆ ಯಾವ ದೇವರೂ ಇಲ್ಲ ಎಂದವನು. ಅವನ ಗೆಳೆಯ ತಂಗಾತಾ ಎಂಬ ಕುಳ್ಳ ನೇಣು ಹಾಕಿಕೊಳ್ಳುತ್ತಾನೆ. ತಂಗಾತಾ ಎಂದರೆ ಮನುಷ್ಯ. ಈ ಭಾಗದ ಇಂಗ್ಲಿಷ್ ಮುರುಕು, ಚುರುಕು. ಕಾದಂಬರಿಯ ಜೀವವೇ ಇದು. ಆದರೂ ಪೆಪೆಯ ಬಂಡಾಯದ ಮಿತಿಯನ್ನು ವೆಂಟ್ ಪೂರ್ತಿಯಾಗಿ ಒಪ್ಪಿಕೊಂಡಿಲ್ಲವೆಂದು ನನಗನಿಸುತ್ತದೆ. ಅಪ್ಪನ ಅಂಗಡಿ ದೋಚುವ ಮಗನೂ ಅಪ್ಪನ ದುಡ್ಡಿನಲ್ಲೇ ಬಂಡಾಯಗಾರ. ತೋಟದಲ್ಲಿ ಪುಕ್ಕಟೆ ದುಡಿದ ಪದವಿಯಿಲ್ಲದ ಹುಡುಗರು ಬಂಡೆದ್ದಿದ್ದರೆ ಹೇಗಿರುತ್ತಿತ್ತು? ಅವರಿಗೆ ಕಾದಂಬರಿಯಲ್ಲಿ ಮಾತಿಲ್ಲ.

ಮೂರನೇ ಭಾಗದಲ್ಲಿ ಮೊಮ್ಮಗ ಲಲೊಲಂಗಿ. ಹೆಸರಿನ ಅರ್ಥ ಲೋಕ. ಅಜ್ಜ ಅವನನ್ನು ನ್ಯೂಜಿಲೆಂಡಿನ ಶಾಲೆಗೆ ಕಳಿಸುತ್ತಾನೆ, ಅವನು ಊರಿಗೆ ಪರಕೀಯನಾಗಿ ಮರಳುತ್ತಾನೆ. ಕೊನೆಗೆ ಎಲ್ಲವೂ ಹೋಗುವುದು ಎಲ್ಲಿಂದಲೋ ಬಂದು ತಾನೂ ತೌಯಿಲೊಪೆಪೆಯ ಮಗನೇ ಎನ್ನುವ ಒಬ್ಬ ಚಾಣಾಕ್ಷನ ಪಾಲಿಗೆ. ಕಾರಂತರ ‘ಮರಳಿ ಮಣ್ಣಿಗೆ’ ಓದಿದವರಿಗೆ ಈ ಮೂರು ತಲೆಮಾರಿನ ಲೆಕ್ಕ ಪರಿಚಿತ. ಅಲ್ಲಿಯೂ ನಡುವಿನ ತಲೆಮಾರು ಹಾಳಾಗುತ್ತದೆ. ಆದರೆ ಅಲ್ಲಿ ಮೊಮ್ಮಗನಿಗೆ ಮರಳಲು ಮಣ್ಣು ಉಳಿದಿರುತ್ತದೆ. ವೆಂಟ್ ಮೊಮ್ಮಗನಿಗೆ ಅದನ್ನು ಉಳಿಸಿಲ್ಲ. ಮಣ್ಣು ಇದೆ, ಅದು ಈಗ ‘ತೋಟ’. ಅದಕ್ಕೆ ಬೇಕಾದದ್ದು ಮಗನಲ್ಲ, ಮ್ಯಾನೇಜರ್.

ಈ ಕಾದಂಬರಿಯ ದೊಡ್ಡ ಕೊರತೆ ಹೆಂಗಸರು. ಹೆಂಡತಿಯಾಗಿ, ತಾಯಿಯಾಗಿ, ಪರರ ಹೆಂಡತಿಯಾಗಿ ಬರುತ್ತಾರೆ, ಆದರೆ ಸಂಪತ್ತಿನ ಒಡತಿಯರಾಗಿ ಬರುವುದಿಲ್ಲ. ಸಮೋವಾದ ಹಳೆಯ ವ್ಯವಸ್ಥೆಯಲ್ಲಿ ಅತಿ ಬೆಲೆಯುಳ್ಳ ವಸ್ತು ‘ಇಎ ತೊಂಗಾ’ ಎಂಬ ನವಿರು ಚಾಪೆ. ಕೇದಗೆಯ ಜಾತಿಯ ಗಿಡದ ಎಲೆಯನ್ನು ದಾರದಷ್ಟು ಸಣ್ಣಗೆ ಸೀಳಿ ಹೆಣೆಯುವುದು, ಒಳ್ಳೆಯದೊಂದಕ್ಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೆಲಸ. ಹಾಸಲಿಕ್ಕಲ್ಲ, ಕೊಡಲಿಕ್ಕೆ. ಹೆಣೆಯುವವರು ಹೆಂಗಸರು. ದುಡ್ಡು ಬಂದ ಮೇಲೆ ಈ ಚಾಪೆಗೆ ಏನಾಯಿತು ಎಂದು ಕೇಳಿದ್ದರೆ ವೆಂಟ್ ಅವರಿಗೆ ಬೇರೊಂದು ಕಾದಂಬರಿಯೇ ಸಿಗುತ್ತಿತ್ತು. ಚಾಪೆ ಮಾಯವಾಗಲಿಲ್ಲ, ಸಂಖ್ಯೆಯಲ್ಲಿ ಹೆಚ್ಚಾಯಿತು, ಹೆಣಿಗೆಯಲ್ಲಿ ಒರಟಾಯಿತು. ನೋಟು ಅಚ್ಚಾಗುತ್ತಾ ಹೋದರೆ ಬೆಲೆ ಇಳಿಯುವಂತೆ ಚಾಪೆಗೂ ಆಯಿತು. ಈಚಿನ ದಶಕಗಳಲ್ಲಿ ಹೆಂಗಸರ ಸಂಘಗಳೂ ಸರಕಾರವೂ ಸೇರಿ ಹಳೆಯ ನವಿರು ಹೆಣಿಗೆಯನ್ನು ಮತ್ತೆ ರೂಢಿಗೆ ತಂದವು. 2019ರಲ್ಲಿ ಯುನೆಸ್ಕೋ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ತಮಾಷೆಯೆಂದರೆ ಹೆಣಿಗೆ ಉಳಿದದ್ದು ನಗದಿನಿಂದಲೇ: ಹೊರದೇಶದಲ್ಲಿರುವ ನೆಂಟರು ಮುಂಗಡ ಕೊಟ್ಟು ಹೆಣೆಸುತ್ತಾರೆ.

ಕಾದಂಬರಿಯ ತೋಟ ಇವತ್ತಿನ ಸಮೋವಾದ ಕೇಂದ್ರವಲ್ಲ. 1990 ಮತ್ತು 1991ರಲ್ಲಿ ಓಫಾ, ವ್ಯಾಲ್ ಎಂಬ ಎರಡು ಚಂಡಮಾರುತಗಳು ಬಡಿದವು. 1993ರಲ್ಲಿ ಕೆಸುವಿನ ಎಲೆಗೆ ರೋಗ ತಗಲಿ, ಆಗ ದೇಶದ ಮುಖ್ಯ ರಫ್ತಾಗಿದ್ದ ಕೆಸುವಿನ ಗೆಡ್ಡೆಯ ವ್ಯಾಪಾರ ನೆಲಕಚ್ಚಿತು. 1991ರಲ್ಲಿ ಬಂದ ಜಪಾನಿನ ಯಜಾಕಿ ಕಂಪೆನಿ ಆಸ್ಟ್ರೇಲಿಯಾದ ಕಾರುಗಳಿಗೆ ತಂತಿಗಂಟು ಮಾಡಿಸುತ್ತಿತ್ತು. ಆಸ್ಟ್ರೇಲಿಯಾದಲ್ಲಿ ಕಾರು ತಯಾರಿಕೆ ನಿಂತಾಗ, 2017ರಲ್ಲಿ, ಅದೂ ಬಾಗಿಲು ಹಾಕಿತು. ಉಳಿದದ್ದು ಮನುಷ್ಯರ ರಫ್ತು. ದೇಶದ ಜನಸಂಖ್ಯೆ ಸುಮಾರು ಎರಡು ಲಕ್ಷ. ನ್ಯೂಜಿಲೆಂಡ್ ಒಂದರಲ್ಲೇ ಸಮೋವಾ ಮೂಲದವರು ಹೆಚ್ಚುಕಮ್ಮಿ ಅಷ್ಟೇ ಇದ್ದಾರೆ. 2007ರಿಂದ ಅಲ್ಲಿನ ಹಣ್ಣಿನ ತೋಟಗಳಿಗೆ ತಿಂಗಳ ಲೆಕ್ಕದಲ್ಲಿ ಹೋಗಿಬರುವ ಕೂಲಿಯವರು ಬೇರೆ. ಇವರೆಲ್ಲ ಮನೆಗೆ ಕಳಿಸುವ ದುಡ್ಡು ದೇಶದ ಒಟ್ಟು ಉತ್ಪನ್ನದ ಸುಮಾರು ಐದರಲ್ಲೊಂದು ಪಾಲು, ಕೆಲವು ವರ್ಷ ಅದಕ್ಕೂ ಹೆಚ್ಚು. ಗಲ್ಫಿನ ದುಡ್ಡಿನಿಂದ ಮನೆಯ ತಾರಸಿ ಎದ್ದ ಊರುಗಳಲ್ಲಿ ಈ ಪತ್ರಿಕೆ ಓದುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ದುಡ್ಡಿನ ದಿಕ್ಕಿಗೆ ದೇಶವೇ ಹೇಗೆ ತಿರುಗಿತು ನೋಡಿ. 2009ರ ಸೆಪ್ಟೆಂಬರಿನಲ್ಲಿ ಸಮೋವಾ ರಸ್ತೆಯ ಬಲಬದಿ ಬಿಟ್ಟು ಎಡಬದಿಯಲ್ಲಿ ವಾಹನ ಓಡಿಸಲು ಶುರುಮಾಡಿತು. ನ್ಯೂಜಿಲೆಂಡ್, ಆಸ್ಟ್ರೇಲಿಯಾದ ನೆಂಟರು ಅಗ್ಗದ ಹಳೆ ಕಾರು ಕಳಿಸಲಿ ಎಂದು. 2011ರಲ್ಲಿ ಆ ಎರಡು ದೇಶಗಳ ವ್ಯಾಪಾರದ ದಿನಗಳಿಗೆ ಹೊಂದಿಕೊಳ್ಳಲು ದಿನಾಂಕ ರೇಖೆಯನ್ನೇ ದಾಟಿತು. ಡಿಸೆಂಬರ್ 29ರ ಗುರುವಾರ ರಾತ್ರಿ ಮಲಗಿದವರು ಎದ್ದದ್ದು 31ರ ಶನಿವಾರ. ಆ ವಾರ ಸಮೋವಾದಲ್ಲಿ ಶುಕ್ರವಾರವೇ ಇರಲಿಲ್ಲ. ನಮ್ಮ ಜುಮಾದ ಗತಿ ಏನೆಂದು ಕೇಳಬೇಕಾದವರು ಅಲ್ಲಿ ಬೆರಳೆಣಿಕೆಯಷ್ಟು ಮಂದಿ ಮಾತ್ರ. 1892ರಲ್ಲಿ ಅಮೆರಿಕದ ವ್ಯಾಪಾರಕ್ಕಾಗಿ ಇದೇ ದೇಶ ಜುಲೈ 4ನ್ನು ಎರಡು ಸಲ ಕಳೆದಿತ್ತು. ನೂರಿಪ್ಪತ್ತು ವರ್ಷದ ಆಚೆ ಈಚೆ, ಎರಡು ಸಲವೂ ಕ್ಯಾಲೆಂಡರನ್ನು ತಿದ್ದಿದ್ದು ಅಂಗಡಿಯೇ.

ಬಂದ ದುಡ್ಡು ಎಲ್ಲಿ ಹೋಗುತ್ತದೆ? ಒಂದಷ್ಟು ಶಾಲೆಗೆ, ಮನೆಗೆ. ದೊಡ್ಡ ಪಾಲು ‘ಫಾಲವೆಲವೆ’ಗೆ. ಮದುವೆ, ಸಾವು, ಪದವಿ ಪಟ್ಟ, ಚರ್ಚ್ ಕಟ್ಟಡದ ಉದ್ಘಾಟನೆ ಎಲ್ಲಕ್ಕೂ ಈ ಒಂದೇ ಹೆಸರು. ಸಿಕ್ಕು, ತೊಡಕು ಎಂಬುದು ಅದರ ಮೂಲ ಅರ್ಥ. ಆಕ್ಲೆಂಡಿನಲ್ಲಿ ರಾತ್ರಿಪಾಳಿ ದುಡಿಯುವವನಿಗೆ ಊರಿಂದ ಫೋನು ಬರುತ್ತದೆ: ಚಿಕ್ಕಪ್ಪ ತೀರಿಕೊಂಡರು, ಇಷ್ಟು ಕಳಿಸು. ಕಳಿಸದಿದ್ದರೆ ಅವನು ಬಳಗದವನಲ್ಲ. ಹಿಂದೆ ಗೆಡ್ಡೆ ಎಷ್ಟು ಬೆಳೆಯಿತೋ ಅಷ್ಟೇ ಕೊಡಲು ಸಾಧ್ಯವಿತ್ತು, ಮಳೆಯೇ ಒಂದು ಮಿತಿ. ನೋಟಿಗೆ ಅಂಥ ಮಿತಿಯಿಲ್ಲ, ಸಾಲ ಮಾಡಿಯಾದರೂ ಕೊಡಬಹುದು. ಭಾನುವಾರ ಎಷ್ಟೋ ಚರ್ಚುಗಳಲ್ಲಿ ಯಾರು ಎಷ್ಟು ಟಾಲಾ ಕಾಣಿಕೆ ಹಾಕಿದರೆಂದು ಹೆಸರು ಹಿಡಿದು ಓದುವ ಪದ್ಧತಿ ಇದೆ. ಕೊಟ್ಟದ್ದು ಗುಟ್ಟಾಗಿರಲಿ ಎಂಬ ಮಾತು ಬೈಬಲಿನಲ್ಲೂ ಇದೆ. ಆದರೆ ಬಹಿರಂಗವಾಗಿ ಕೊಡುವುದೇ ಮರ್ಯಾದೆ ಎಂಬ ಹಳೆಯ ಸಮಾಜಕ್ಕೆ ಬೈಬಲ್ ಬಂದು ಸೇರಿದೆ. 2017ರಲ್ಲಿ ಸರಕಾರ ಪಾದ್ರಿಗಳ ಆದಾಯಕ್ಕೆ ತೆರಿಗೆ ಹಾಕುವ ಕಾನೂನು ಮಾಡಿದಾಗ ಅತಿ ದೊಡ್ಡ ಚರ್ಚು ಅದನ್ನು ಬಲವಾಗಿ ವಿರೋಧಿಸಿತು. ತೌಯಿಲೊಪೆಪೆಯ ಮೂರು ಪದಗಳು ಇನ್ನೂ ಜೊತೆಯಾಗಿಯೇ ಇವೆ.

ಇದರ ಹೊರೆ ಬೀಳುವುದು ಹೊರದೇಶದಲ್ಲಿ ಯಾರೂ ಇಲ್ಲದ ಮನೆಯ ಮೇಲೆ. ನೆಲವಿದೆ, ಹಸಿವಿಲ್ಲ. ಆದರೆ ಸಾವಿಗೆ ಡಬ್ಬಿ ಮಾಂಸದ ಪೆಟ್ಟಿಗೆ ಒಯ್ಯಬೇಕು, ಅದು ಗದ್ದೆಯಲ್ಲಿ ಬೆಳೆಯುವುದಿಲ್ಲ. ಈ ಡಬ್ಬಿ ಮಾಂಸಕ್ಕೆ ಅಲ್ಲಿ ‘ಪಿಸುಪೊ’ ಎನ್ನುತ್ತಾರೆ, ಇಂಗ್ಲಿಷಿನ ‘ಪೀ ಸೂಪ್’ ಎಂಬುದರಿಂದ ಬಂದ ಪದ. ಮೊದಲು ಬಂದ ಡಬ್ಬಿಯಲ್ಲಿ ಬಟಾಣಿ ಸಾರು ಇತ್ತು, ಆಮೇಲೆ ಹೆಸರು ಮಾಂಸಕ್ಕೆ ಅಂಟಿಕೊಂಡಿತು. ಹಂದಿಗಿಂತ, ಮೀನಿಗಿಂತ ಡಬ್ಬಿಗೆ ಮರ್ಯಾದೆ ಹೆಚ್ಚಾದ ಮೇಲೆ ಸಕ್ಕರೆ ಕಾಯಿಲೆಯೂ ಮನೆಮನೆಗೆ ಬಂತು. ಅಮೆರಿಕದವರು ತಿನ್ನದೆ ಬಿಡುವ ಟರ್ಕಿ ಕೋಳಿಯ ಬಾಲದ ಕೊಬ್ಬಿನ ತುಂಡುಗಳನ್ನು ದ್ವೀಪಗಳಿಗೆ ಮಾರುತ್ತಿದ್ದರು. 2007ರಲ್ಲಿ ಸಮೋವಾ ಅದನ್ನು ನಿಷೇಧಿಸಿತು. 2012ರಲ್ಲಿ ವಿಶ್ವ ವ್ಯಾಪಾರ ಸಂಘಟನೆಗೆ ಸೇರುವಾಗ ನಿಷೇಧ ತೆಗೆಯಲು ಒಪ್ಪಬೇಕಾಯಿತು. 1904ರಲ್ಲಿ ಸ್ವಂತ ಕಂಪೆನಿ ಮಾಡಬೇಡಿ ಎಂದವರು ಬೇರೆ, ಈ ಮಾಂಸ ಬೇಡವೆನ್ನಬೇಡಿ ಎಂದವರು ಬೇರೆ. ತಕರಾರು ಒಂದೇ: ವ್ಯಾಪಾರದಲ್ಲಿ ನಿಮಗೆ ಜಾಗವಿದೆ, ಮಾತಿಲ್ಲ.

ಹಾಗಾದರೆ ದುಡ್ಡು ಈ ಸಮಾಜವನ್ನು ನುಂಗಿತೇ? ನುಂಗಿದ್ದರೆ ಆಕ್ಲೆಂಡಿನಲ್ಲಿ ಹುಟ್ಟಿದವಳು ತಾನು ನೋಡದ ದೊಡ್ಡಮ್ಮನ ಸಾವಿಗೆ ತಿಂಗಳ ಸಂಬಳ ಕಳಿಸುತ್ತಿರಲಿಲ್ಲ. ಅವಳಿಗೆ ಅದು ಹೊರೆಯೂ ಹೌದು, ತಾನು ಯಾರೆಂಬುದಕ್ಕೆ ಆಧಾರವೂ ಹೌದು. ಟೊಂಗಾ ಮೂಲದ ಚಿಂತಕ ಎಪೆಲಿ ಹೌಒಫಾ 1993ರಲ್ಲಿ ಬರೆದ ಪ್ರಬಂಧದಲ್ಲಿ, ಈ ಜನ ದಾನಕ್ಕೆ ಕೈಚಾಚಿದವರಲ್ಲ, ಕಳಿಸುವುದೂ ಪಡೆಯುವುದೂ ಅವರ ಹಳೆಯ ಕಡಲ ಬದುಕಿನ ಮುಂದುವರಿಕೆ ಎಂದು ವಾದಿಸಿದರು. ವೆಂಟ್ ಅವರ ಕತ್ತಲೆಗೆ ಈ ಮಾತು ಒಳ್ಳೆಯ ಉತ್ತರ. ಆದರೆ ಪೂರ್ತಿ ಉತ್ತರವಲ್ಲ. ಹೌಒಫಾ ಅವರ ಕಡಲು ವಿಶಾಲವಾದದ್ದು ನಿಜ, ಅದರ ಎರಡೂ ದಡದಲ್ಲಿ ವೀಸಾ ಕಚೇರಿಗಳಿವೆ.

ಆ ಕಚೇರಿಗಳ ಕತೆಯನ್ನು ಸಮೋವಾದವರು ಬಲ್ಲರು. ಯುದ್ಧಾನಂತರ ಕಾರ್ಖಾನೆಗಳಿಗೆ ಆಳು ಬೇಕಾದಾಗ ನ್ಯೂಜಿಲೆಂಡ್ ಅವರನ್ನು ಕರೆದುಕೊಂಡಿತು. ಎಪ್ಪತ್ತರ ದಶಕದಲ್ಲಿ ಆರ್ಥಿಕ ಕುಸಿತ ಬಂದಾಗ, 1974ರಿಂದ 1976ರ ವರೆಗೆ, ಪೊಲೀಸರು ನಸುಕಿನಲ್ಲಿ ಮನೆಗಳಿಗೆ ನುಗ್ಗಿ ಅವಧಿ ಮೀರಿ ಉಳಿದವರನ್ನು ಹುಡುಕಿದರು. ಅವಧಿ ಮೀರಿ ಉಳಿದವರಲ್ಲಿ ಬಿಳಿಯ ದೇಶಗಳವರೂ ಇದ್ದರು, ಬಾಗಿಲು ಬಡಿದದ್ದು ದ್ವೀಪದವರ ಮನೆಗಳಿಗೆ. 2021ರ ಆಗಸ್ಟ್ 1ರಂದು ಪ್ರಧಾನಿ ಜೆಸಿಂಡಾ ಆರ್ಡರ್ನ್ ಆಕ್ಲೆಂಡಿನ ಟೌನ್‌ಹಾಲಿನಲ್ಲಿ ಇದಕ್ಕೆ ಅಧಿಕೃತವಾಗಿ ಕ್ಷಮೆ ಕೇಳಿದರು. ಸಮೋವಾದಲ್ಲಿ ತಪ್ಪು ಮಾಡಿದವರ ಕಡೆಯವರು ನೊಂದವರ ಮನೆಯ ಮುಂದೆ ತಲೆಯ ಮೇಲೆ ನವಿರು ಚಾಪೆ ಹೊದ್ದು ಕೂರುವ ಪದ್ಧತಿಯೊಂದಿದೆ. ನೊಂದವರು ಬಂದು ಚಾಪೆ ತೆಗೆಯುವ ತನಕ ಹಾಗೇ ಕೂರಬೇಕು. ಅಂದು ಪ್ರಧಾನಿ ವೇದಿಕೆಯ ಮೇಲೆ ಕೂತರು, ದೊಡ್ಡದೊಂದು ಇಎ ತೊಂಗಾ ಅವರನ್ನು ಪೂರ್ತಿ ಮುಚ್ಚಿತು. ಆಮೇಲೆ ಆ ಸಮುದಾಯದವರು ಬಂದು ಅದನ್ನು ಸರಿಸಿದರು.